ಅನುವಂಶೀಯ ಹೃತ್ಸ್ನಾಯುರೋಗದಲ್ಲಿ ವ್ಯಕ್ತಿವಿಶಿಷ್ಟ ಚಿಕಿತ್ಸೆ: ಒಂದು ವಿಮರ್ಶೆ

1

ರೋಗಿಯನ್ನು ನೋಡಿ ಮದ್ದು ಕೊಡಬೇಕೆಂಬ ಮಾತು ವೈದ್ಯಶಾಸ್ತ್ರದಷ್ಟೇ ಹಳೆಯದು. ದೇಶ, ಕಾಲ, ವಯಸ್ಸು, ಬಲ, ಪ್ರಕೃತಿ ಇವುಗಳನ್ನು ವಿಚಾರಿಸಿದ ಮೇಲೆಯೇ ವೈದ್ಯನು ಚಿಕಿತ್ಸೆಗೆ ತೊಡಗಬೇಕೆಂದು ನಮ್ಮ ಆಯುರ್ವೇದ ಗ್ರಂಥಗಳು ವಿಧಿಸುತ್ತವೆ. ಈಚಿನ ಕೆಲವು ದಶಕಗಳಲ್ಲಿ ಅದೇ ಮಾತು ಜೀನುಗಳ ಪರೀಕ್ಷೆಯ ಬಲದಿಂದ ಹೊಸ ರೂಪವನ್ನು ತಾಳಿ, ವ್ಯಕ್ತಿವಿಶಿಷ್ಟ ಚಿಕಿತ್ಸೆ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿದೆ. ಒಬ್ಬೊಬ್ಬನ ದೇಹದ ಅಕ್ಷರಮಾಲೆಯನ್ನು ಓದಿ ಅವನಿಗೆ ಒಪ್ಪುವ ಔಷಧವನ್ನೂ ಪ್ರಮಾಣವನ್ನೂ ನಿಶ್ಚಯಿಸಬಹುದೆಂಬುದು ಇದರ ಪ್ರತಿಜ್ಞೆ. ಪ್ರತಿಜ್ಞೆ ದೊಡ್ಡದು, ಅದು ಎಲ್ಲಿ ಎಷ್ಟರಮಟ್ಟಿಗೆ ಈಡೇರಿದೆ, ಎಲ್ಲಿ ಈಡೇರಿಲ್ಲ ಎಂಬುದನ್ನು ಒಂದು ನಿರ್ದಿಷ್ಟ ರೋಗವರ್ಗವನ್ನು ಹಿಡಿದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ನಾವು ಅನುವಂಶೀಯ ಹೃತ್ಸ್ನಾಯುರೋಗಗಳನ್ನು, ಅವುಗಳಲ್ಲಿಯೂ ಮುಖ್ಯವಾಗಿ ಸ್ಥೂಲ ಹೃತ್ಸ್ನಾಯುರೋಗವನ್ನು ಆರಿಸಿಕೊಂಡಿದ್ದೇವೆ.

ರಕ್ತದ ಒತ್ತಡವಾಗಲಿ ಕವಾಟದ ದೋಷವಾಗಲಿ ಇಲ್ಲದೆಯೇ ಎಡ ಹೃತ್ಕುಕ್ಷಿಯ ಗೋಡೆ, ಅದರಲ್ಲಿಯೂ ಎರಡು ಕುಕ್ಷಿಗಳ ನಡುಗೋಡೆ, ಅಸಹಜವಾಗಿ ದಪ್ಪವಾಗುವುದು ಈ ರೋಗದ ಲಕ್ಷಣ. ಕೆಲವರಲ್ಲಿ ಈ ದಪ್ಪ ಗೋಡೆ ರಕ್ತ ಹೊರಹೋಗುವ ದಾರಿಗೆ ಅಡ್ಡವಾಗುತ್ತದೆ. ಉಬ್ಬಸ, ಎದೆನೋವು, ಮೂರ್ಛೆಗಳಿಂದ ಕೆಲವರು ಬಳಲುತ್ತಾರೆ; ಬಹುಮಂದಿ ಯಾವ ತೊಂದರೆಯೂ ಇಲ್ಲದೆ ಮುಪ್ಪಿನವರೆಗೂ ಬಾಳುತ್ತಾರೆ; ಕೆಲವರು ಮಾತ್ರ ತಾರುಣ್ಯದಲ್ಲಿಯೇ, ಮುನ್ಸೂಚನೆಯಿಲ್ಲದೆ, ಹೃದಯದ ಲಯಭಂಗದಿಂದ ಹಠಾತ್ತಾಗಿ ಮರಣ ಹೊಂದುತ್ತಾರೆ. 1995ರಲ್ಲಿ ಅಮೆರಿಕದ ತರುಣ ವಯಸ್ಕರಲ್ಲಿ ನಡೆದ ಒಂದು ಸಮೀಕ್ಷೆಯ ಪ್ರಕಾರ ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಸ್ಥಿತಿ ಇತ್ತು. ಆದುದರಿಂದ ಇದು ವಿರಳ ರೋಗವೆಂದು ನಾವು ಉಪೇಕ್ಷಿಸುವಂತಿಲ್ಲ. ಒಂದೇ ರೋಗ, ಒಂದೇ ಮನೆತನ. ಆದರೂ ಅಣ್ಣನಿಗೆ ದೀರ್ಘಾಯುಸ್ಸು, ತಮ್ಮನಿಗೆ ಅಕಾಲಮರಣ. ವ್ಯಕ್ತಿವಿಶೇಷವನ್ನು ಅರಿಯಬೇಕೆಂಬ ತವಕ ಇಲ್ಲಿ ಹುಟ್ಟಿದುದು ಸಹಜವೇ ಆಗಿದೆ.

2

ಈ ರೋಗದ ಆಧುನಿಕ ಚರಿತ್ರೆ ಶವಪರೀಕ್ಷೆಯ ಮೇಜಿನಿಂದ ಆರಂಭವಾಗುತ್ತದೆ. ಲಂಡನ್ನಿನ ರೋಗವಿಜ್ಞಾನಿ ಡೊನಾಲ್ಡ್ ಟಿಯರ್ ಅವರು ಹಠಾತ್ತಾಗಿ ಸತ್ತ ತರುಣರ ಹೃದಯಗಳಲ್ಲಿ ಕಂಡ ಅಸಮ ಸ್ಥೂಲತೆಯನ್ನು 1958ರಲ್ಲಿ ವರ್ಣಿಸಿದರು. 1960ರಲ್ಲಿ ಅವರೂ ಸಹೋದ್ಯೋಗಿಗಳೂ ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿ ರೋಗದ ವಂಶಾನುಗತಿಯನ್ನು ಸೂಚಿಸಿದರು. ಕೆನಡಾದ ಕ್ವಿಬೆಕ್ ಪ್ರಾಂತದ ಕೋಟಿಕುಕ್ ಎಂಬ ಊರಿನ ಒಂದು ದೊಡ್ಡ ಮನೆತನದ ವಂಶವೃಕ್ಷ 1961ರಲ್ಲಿ ಪ್ರಕಟವಾಯಿತು. ಅದೇ ಮನೆತನದ ಸಂತತಿಯವರ ರಕ್ತವನ್ನು ಪರೀಕ್ಷಿಸಿ ಹಾರ್ವರ್ಡಿನ ಸೈಡ್ಮನ್ ದಂಪತಿಗಳ ತಂಡದವರು 1990ರಲ್ಲಿ ರೋಗದ ಮೂಲವನ್ನು ಒಂದೇ ಒಂದು ಅಕ್ಷರದ ವ್ಯತ್ಯಾಸದಲ್ಲಿ ಗುರುತಿಸಿದರು: ಹೃದಯದ ಸ್ನಾಯುವಿನ ಬೀಟಾ ಮಯೋಸಿನ್ ಎಂಬ ಪ್ರೋಟೀನಿನ 403ನೆಯ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಗ್ಲುಟಮಿನ್ ಇತ್ತು. ತರುವಾಯ ಟ್ರೊಪೊನಿನ್, ಟ್ರೊಪೊಮಯೋಸಿನ್, ಮಯೋಸಿನ್ ಬಂಧಕ ಪ್ರೋಟೀನ್-ಸಿ ಮೊದಲಾದವುಗಳ ಜೀನುಗಳಲ್ಲಿಯೂ ದೋಷಗಳು ಕಂಡುಬಂದವು. ಸ್ನಾಯುವಿನ ಸಂಕೋಚನಯಂತ್ರದ ಬಿಡಿಭಾಗಗಳೇ ಕೆಟ್ಟಿರುವ ರೋಗವಿದೆಂದು ಸ್ಪಷ್ಟವಾಯಿತು.

ಮೂಲ ತಿಳಿದ ಮೇಲೆ ಫಲವನ್ನು ಹೇಳುವುದು ಸುಲಭವೆಂದು ಆಗ ಅನೇಕರು ಭಾವಿಸಿದರು. ಉತ್ಪರಿವರ್ತನೆಗಳನ್ನು 'ಘಾತುಕ' ಮತ್ತು 'ಸೌಮ್ಯ' ಎಂದು ವಿಂಗಡಿಸುವ ಪದ್ಧತಿ ಹುಟ್ಟಿತು. ಮೇಲೆ ಹೇಳಿದ 403ನೆಯ ಸ್ಥಾನದ ದೋಷವುಳ್ಳವರು ಘಾತುಕ ವರ್ಗದವರು; ಬೇರೆ ಕೆಲವು ದೋಷಗಳುಳ್ಳವರು ಸೌಮ್ಯ ವರ್ಗದವರು. ಆದರೆ ಈ ವಿಂಗಡಣೆಗೆ ಆಧಾರವಾಗಿದ್ದವು ಕೆಲವೇ ದೊಡ್ಡ ಮನೆತನಗಳು. ಹೆಚ್ಚು ಸಾವುಗಳನ್ನು ಕಂಡ ಮನೆತನಗಳೇ ಸಂಶೋಧಕರ ಕಣ್ಣಿಗೆ ಮೊದಲು ಬಿದ್ದಿದ್ದವೆಂಬುದನ್ನು ಮರೆಯಲಾಗದು. 2002ರಲ್ಲಿ ಮೇಯೋ ಚಿಕಿತ್ಸಾಲಯದವರು ಪರಸ್ಪರ ಸಂಬಂಧವಿಲ್ಲದ ರೋಗಿಗಳನ್ನು ಸಾಲಾಗಿ ಪರೀಕ್ಷಿಸಿದಾಗ, ಸೌಮ್ಯವೆನಿಸಿಕೊಂಡ ದೋಷವುಳ್ಳವರಲ್ಲಿಯೂ ತೀವ್ರ ರೋಗವಿದ್ದುದು ಕಂಡುಬಂತು. ಒಂದು ಕುಟುಂಬದ ಅನುಭವವನ್ನು ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುವುದು ಹೆಸರಿಗೆ ವ್ಯಕ್ತಿವಿಶಿಷ್ಟವಾದರೂ ನಿಜವಾಗಿ ಅದಕ್ಕೆ ವಿರುದ್ಧವಾದ ಕ್ರಮವೇ ಸರಿ.

ಇದಕ್ಕೆ ಇನ್ನೊಂದು ಸಾಕ್ಷ್ಯವಿದೆ. ಹಠಾತ್ ಮರಣದ ಅಪಾಯವನ್ನು ಪ್ರತಿ ರೋಗಿಗೂ ಬೇರೆಬೇರೆಯಾಗಿ ಲೆಕ್ಕ ಹಾಕುವ ಸೂತ್ರವೊಂದನ್ನು ಯುರೋಪಿನ ವಿದ್ವಾಂಸರು 2014ರಲ್ಲಿ ಪ್ರಕಟಿಸಿದರು. ವಯಸ್ಸು, ಗೋಡೆಯ ಗರಿಷ್ಠ ದಪ್ಪ, ಎಡ ಹೃತ್ಕರ್ಣದ ಅಳತೆ, ಹೊರದಾರಿಯ ಅಡಚಣೆಯ ಪ್ರಮಾಣ, ಕುಟುಂಬದಲ್ಲಿ ನಡೆದ ಹಠಾತ್ ಮರಣ, ಅಲ್ಪಕಾಲದ ಲಯಭಂಗ, ಕಾರಣ ತಿಳಿಯದ ಮೂರ್ಛೆ, ಈ ಏಳು ಅಂಶಗಳಿಂದ ಐದು ವರ್ಷಗಳ ಅಪಾಯದ ಅಂದಾಜು ದೊರೆಯುತ್ತದೆ. ಎದೆಯಲ್ಲಿ ಡಿಫಿಬ್ರಿಲೇಟರ್ ಯಂತ್ರವನ್ನು ಅಳವಡಿಸಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ. ಈ ಏಳರಲ್ಲಿ ರೋಗಿಯ ಉತ್ಪರಿವರ್ತನೆಯ ಹೆಸರಿಲ್ಲ. ಪ್ರಾಣರಕ್ಷಣೆಗೆ ಸಂಬಂಧಿಸಿದ ಲೆಕ್ಕದಲ್ಲಿ ಜೀನಿನ ಅಕ್ಷರಕ್ಕಿಂತ ಕುಟುಂಬದ ಕಥೆಗೂ ಎಕೋ ಪರೀಕ್ಷೆಯ ಅಳತೆಗೂ ಹೆಚ್ಚಿನ ಬೆಲೆ ಬಂದಿದೆ. ಸಂಬಂಧಿಸಿದ ಜೀನುಗಳನ್ನೆಲ್ಲ ಶೋಧಿಸಿದರೂ ಸ್ಥೂಲ ಹೃತ್ಸ್ನಾಯುರೋಗಿಗಳಲ್ಲಿ ನೂರಕ್ಕೆ ಸುಮಾರು 30ರಿಂದ 60 ಜನರಲ್ಲಿ ಮಾತ್ರ ಕಾರಣವಾದ ದೋಷ ದೊರೆಯುತ್ತದೆಂಬುದನ್ನೂ ಇದರೊಡನೆ ನೆನೆಯಬೇಕು.

3

ಇನ್ನು ಔಷಧದ ವಿಚಾರ. ಮಯೋಸಿನ್ ತಲೆಗಳು ಮಿತಿಮೀರಿ ದುಡಿಯುವುದೇ ಅನೇಕ ಉತ್ಪರಿವರ್ತನೆಗಳ ಪರಿಣಾಮವೆಂಬ ತಿಳಿವಳಿಕೆಯಿಂದ, ಆ ದುಡಿತವನ್ನು ತಗ್ಗಿಸುವ ಮವಕ್ಯಾಮ್ಟೆನ್ ಎಂಬ ಔಷಧ ಹುಟ್ಟಿತು. 2016ರಲ್ಲಿ ಇಲಿಗಳ ಮೇಲಿನ ಪ್ರಯೋಗ ಪ್ರಕಟವಾಯಿತು. 2020ರಲ್ಲಿ, ಹೊರದಾರಿಯ ಅಡಚಣೆಯುಳ್ಳ 251 ರೋಗಿಗಳ ಮೇಲೆ 30 ವಾರ ನಡೆದ ಪ್ರಯೋಗದ ಫಲ ಪ್ರಕಟವಾಯಿತು. ನಿಗದಿಪಡಿಸಿದ ಮಟ್ಟದ ಸುಧಾರಣೆ ಔಷಧ ಪಡೆದವರಲ್ಲಿ ನೂರಕ್ಕೆ 37 ಮಂದಿಗೂ, ಬರಿಯ ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 17 ಮಂದಿಗೂ ಉಂಟಾಗಿತ್ತು. 2022ರಲ್ಲಿ ಅಮೆರಿಕದಲ್ಲಿಯೂ 2023ರಲ್ಲಿ ಯುರೋಪಿನಲ್ಲಿಯೂ ಅದಕ್ಕೆ ಮನ್ನಣೆ ದೊರೆಯಿತು. ಜೀನಿನ ಜ್ಞಾನದಿಂದ ಹುಟ್ಟಿದ ಔಷಧವೆಂಬ ಕೀರ್ತಿ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಅದನ್ನು ಕೊಡುವಾಗ ರೋಗಿಯ ಮಯೋಸಿನ್ ಜೀನನ್ನು ಯಾರೂ ಕೇಳುವುದಿಲ್ಲ. ಅಡಚಣೆ ಇದೆಯೇ, ರೋಗಿ ಅದರಿಂದ ಬಳಲುತ್ತಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ. ಅಡಚಣೆಯಿಲ್ಲದ ರೋಗಿಗಳ ಮೇಲೆ ನಡೆದ ಪ್ರಯೋಗವು ತನ್ನ ಮುಖ್ಯ ಗುರಿಗಳನ್ನು ಮುಟ್ಟಲಿಲ್ಲವೆಂದು 2025ರಲ್ಲಿ ತಿಳಿದುಬಂತು.

ಆದರೂ ಇಲ್ಲಿ ಒಂದು ಜೀನಿನ ಪರೀಕ್ಷೆಗೆ ಸ್ಥಾನವಿದೆ. ಅದು ಹೃದಯದ ದೋಷಕ್ಕೆ ಸಂಬಂಧಿಸಿದ ಜೀನಲ್ಲ. ಯಕೃತ್ತಿನಲ್ಲಿ ಈ ಔಷಧವನ್ನು ಕರಗಿಸುವ ಸಿವೈಪಿ2ಸಿ19 ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಷ್ಕ್ರಿಯವಾಗಿರುತ್ತದೆ. ಅಂಥವರಲ್ಲಿ ಔಷಧ ದೇಹದಲ್ಲಿ ಸಂಚಯವಾಗಿ ಹೃದಯದ ಸಂಕೋಚನಶಕ್ತಿಯನ್ನೇ ಕುಗ್ಗಿಸಬಹುದು. ಆದುದರಿಂದ ಯುರೋಪಿನಲ್ಲಿ ಈ ಕಿಣ್ವದ ಪರೀಕ್ಷೆ ಮಾಡಿ, ನಿಷ್ಕ್ರಿಯವಾಗಿದ್ದರೆ 2.5 ಮಿಲಿಗ್ರಾಂ, ಇಲ್ಲದಿದ್ದರೆ 5 ಮಿಲಿಗ್ರಾಂನಿಂದ ಆರಂಭಿಸಬೇಕೆಂಬ ನಿಯಮ ಬಂತು. ಅಮೆರಿಕದವರು ಅದರ ಬದಲು ಮತ್ತೆ ಮತ್ತೆ ಎಕೋ ಪರೀಕ್ಷೆ ಮಾಡಿ ಪ್ರಮಾಣವನ್ನು ತಿದ್ದುವ ಮಾರ್ಗವನ್ನು ಹಿಡಿದರು. ಕಿಣ್ವ ನಿಷ್ಕ್ರಿಯವಾಗಿರುವವರು ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು ಇಬ್ಬರು. ಏಷ್ಯಾದ ಜನರಲ್ಲಿ ಅದಕ್ಕಿಂತ ಹೆಚ್ಚು. ಹುಳಿತೇಗಿಗೆಂದು ಬಹುಜನರು ನುಂಗುವ ಒಮೆಪ್ರಜೋಲ್ ಕೂಡ ಇದೇ ಕಿಣ್ವಕ್ಕೆ ಸ್ವಲ್ಪಮಟ್ಟಿಗೆ ತಡೆಯೊಡ್ಡುತ್ತದೆ. ಹೀಗೆ ಅಳತೆ ಮಾಡಿ ಬಟ್ಟೆ ಹೊಲಿಯುವಂತೆ ಔಷಧವನ್ನು ಹೊಂದಿಸುವ ಕಾರ್ಯದಲ್ಲಿ ರೋಗದ ಜೀನಿಗಿಂತ ಯಕೃತ್ತಿನ ಜೀನೂ, ರೋಗಿ ಅಂಗಡಿಯಲ್ಲಿ ಕೊಳ್ಳುವ ಗುಳಿಗೆಯೂ ಹೆಚ್ಚು ಮುಖ್ಯವಾಗಿವೆ.

ರೋಗದ ಜೀನನ್ನೇ ಗುರಿಯಾಗಿಟ್ಟ ಪ್ರಯತ್ನಗಳು ಏನಾದವು? ಲ್ಯಾಮಿನ್ ಜೀನಿನ ದೋಷದಿಂದ ಹೃದಯ ಹಿಗ್ಗುವ ರೋಗಿಗಳಿಗಾಗಿ ಸಿದ್ಧಪಡಿಸಿದ ಔಷಧದ ಪ್ರಯೋಗವನ್ನು ಫಲ ದೊರೆಯುವ ಸಂಭವವಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ನೆದರ್ಲೆಂಡ್ಸಿನಲ್ಲಿ ಹರಡಿರುವ ಫಾಸ್ಫೊಲ್ಯಾಂಬನ್ ಜೀನಿನ ಒಂದು ದೋಷವುಳ್ಳವರಿಗೆ ರೋಗ ತೋರುವ ಮುನ್ನವೇ ಎಪ್ಲೆರಿನೋನ್ ಕೊಟ್ಟು ನೋಡಿದ ಪ್ರಯೋಗವೂ ಗುಣ ತೋರಲಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಆಶಾದಾಯಕ ನಿದರ್ಶನವುಂಟು. ರಕ್ತದೊತ್ತಡಕ್ಕೆ ಕೊಡುವ ಲೊಸಾರ್ಟನ್ ಎಂಬ ಔಷಧವನ್ನು ರೋಗ ಬಲಿತವರಿಗೆ ಕೊಟ್ಟಾಗ ಪ್ರಯೋಜನವಾಗಲಿಲ್ಲವೆಂದು 2015ರಲ್ಲಿ ತಿಳಿದಿತ್ತು. ಅದೇ ಗುಂಪಿನ ವಲ್ಸಾರ್ಟನ್ ಎಂಬುದನ್ನು, ಉತ್ಪರಿವರ್ತನೆ ಖಚಿತವಾಗಿದ್ದು ರೋಗ ಇನ್ನೂ ಮೊಳಕೆಯಲ್ಲಿದ್ದ 178 ಮಂದಿ ಎಳೆಯರಲ್ಲಿ ಪ್ರಯೋಗಿಸಿದಾಗ, ಹೃದಯದ ರಚನೆ ಮತ್ತು ಕಾರ್ಯಗಳಲ್ಲಿ ಒಟ್ಟಾರೆ ಸುಧಾರಣೆ ಕಂಡುದಾಗಿ 2021ರಲ್ಲಿ ವರದಿಯಾಯಿತು. ಎರಡು ಪ್ರಯೋಗಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಬೀಜವನ್ನು ಅರಿತದ್ದರಿಂದಾದ ಲಾಭ ಔಷಧದ ಆಯ್ಕೆಯಲ್ಲಿಲ್ಲ, ಕಾಲದ ಆಯ್ಕೆಯಲ್ಲಿದೆ ಎಂದು ತೋರುತ್ತದೆ. ವ್ಯಕ್ತಿವಿಶೇಷವೆಂದರೆ ಅವನ ಜೀನು ಮಾತ್ರವಲ್ಲ, ರೋಗದ ದಾರಿಯಲ್ಲಿ ಅವನು ಇಂದು ನಿಂತಿರುವ ಸ್ಥಳವೂ ಹೌದು.

4

ಜೀನುಪರೀಕ್ಷೆ ನಿರರ್ಥಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಂದು ಕ್ಷೇತ್ರದಲ್ಲಿ ಅದರ ಪ್ರತಿಜ್ಞೆ ಪೂರ್ಣವಾಗಿಯೇ ಈಡೇರಿದೆ. ಗೋಡೆ ದಪ್ಪವಾದ ಹೃದಯಗಳೆಲ್ಲವೂ ಒಂದೇ ರೋಗದವುಗಳಲ್ಲ. ಫ್ಯಾಬ್ರಿ ರೋಗದಲ್ಲಿ ಒಂದು ಕಿಣ್ವದ ಕೊರತೆಯಿಂದ ಕೊಬ್ಬಿನ ಜಾತಿಯ ವಸ್ತುವೊಂದು ಜೀವಕೋಶಗಳಲ್ಲಿ ಶೇಖರವಾಗುತ್ತದೆ. ಟ್ರಾನ್ಸ್‌ಥೈರೆಟಿನ್ ಅಮಿಲಾಯ್ಡ್ ರೋಗದಲ್ಲಿ ಮಡಿಕೆ ತಪ್ಪಿದ ಪ್ರೋಟೀನು ಸ್ನಾಯುವಿನ ನಡುವೆ ತುಂಬಿಕೊಳ್ಳುತ್ತದೆ. ಮೇಲ್ನೋಟಕ್ಕೆ ಇವೆಲ್ಲವೂ ಸ್ಥೂಲ ಹೃದಯಗಳೇ. ಆದರೆ ಫ್ಯಾಬ್ರಿ ರೋಗಕ್ಕೆ ಕಿಣ್ವವನ್ನೇ ಹೊರಗಿನಿಂದ ಒದಗಿಸುವ ಚಿಕಿತ್ಸೆ 2001ರಿಂದ ಯುರೋಪಿನಲ್ಲಿ ಬಳಕೆಗೆ ಬಂದಿದೆ. ಅಮಿಲಾಯ್ಡ್ ರೋಗಿಗಳ ಆಯುಸ್ಸನ್ನು ಟಫಾಮಿಡಿಸ್ ಹೆಚ್ಚಿಸುತ್ತದೆಂದು 2018ರ ಪ್ರಯೋಗ ತೋರಿಸಿಕೊಟ್ಟಿತು. ಇಲ್ಲಿ ಹೆಸರು ಬದಲಾದರೆ ಮದ್ದೂ ಬದಲಾಗುತ್ತದೆ. ತಪ್ಪು ಹೆಸರಿನಡಿಯಲ್ಲಿ ಎಷ್ಟು ಸೂಕ್ಷ್ಮವಾಗಿ ಪ್ರಮಾಣವನ್ನು ಹೊಂದಿಸಿದರೂ ಫಲವಿಲ್ಲ. ಲ್ಯಾಮಿನ್ ದೋಷವುಳ್ಳವರಲ್ಲಿಯೂ ಹಾಗೆಯೇ: ಅವರಿಗೆಂದು ಹೊಸ ಗುಳಿಗೆ ದೊರೆಯದಿದ್ದರೂ, ಹೃದಯ ಅಷ್ಟಾಗಿ ಹಿಗ್ಗದಿರುವಾಗಲೇ ಘೋರ ಲಯಭಂಗವಾಗಬಹುದೆಂಬ ಅರಿವಿನಿಂದ ಡಿಫಿಬ್ರಿಲೇಟರನ್ನು ಉಳಿದವರಿಗಿಂತ ಮೊದಲೇ ಅಳವಡಿಸುವುದು ರೂಢಿಯಾಗಿದೆ.

5

ನಮ್ಮ ನಾಡಿಗೆ ಹತ್ತಿರವಾದ ಪ್ರಶ್ನೆಯನ್ನು ಈಗ ಎತ್ತಿಕೊಳ್ಳೋಣ. ಮಯೋಸಿನ್ ಬಂಧಕ ಪ್ರೋಟೀನ್-ಸಿ ಜೀನಿನಲ್ಲಿ 25 ಅಕ್ಷರಗಳು ಲೋಪವಾಗಿರುವ ಒಂದು ರೂಪ ದಕ್ಷಿಣ ಏಷ್ಯಾದ ಜನರಲ್ಲಿ ವ್ಯಾಪಕವಾಗಿದೆ. 2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಕುಮಾರಸಾಮಿ ತಂಗರಾಜ್ ಮೊದಲಾದವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಭಾರತದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರು ಇದನ್ನು ಹೊತ್ತಿದ್ದಾರೆ. ಹೃತ್ಸ್ನಾಯುರೋಗಿಗಳಲ್ಲಿ ಅದು ಆರೋಗ್ಯವಂತರಿಗಿಂತ ಅನೇಕ ಪಾಲು ಹೆಚ್ಚಾಗಿ ಕಾಣುತ್ತದೆ. ಧಂಡಪಾಣಿಯವರು ಅನಂತರ ಬೆಂಗಳೂರಿನ ಕಾಂಡಕೋಶ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ಪರದೇಶದ ಮನೆತನಗಳ ಆಧಾರದಿಂದ ಬರೆದ ಶಾಸ್ತ್ರದಲ್ಲಿ ನಮ್ಮ ಜನರ ಜೀನಿಗೂ ಒಂದು ಅಧ್ಯಾಯ ದೊರೆತುದು ಸಾಮಾನ್ಯ ಸಾಧನೆಯಲ್ಲ.

ಆದರೆ ಒಂದು ಪ್ರಶ್ನೆ ಉಳಿದೇ ಇತ್ತು. ನೂರಕ್ಕೆ ನಾಲ್ವರು ಹೊತ್ತ ದೋಷ ನಿಜವಾಗಿ ಬಲವಾದ ಕಾರಣವಾಗಿದ್ದರೆ, ರೋಗ ನಮ್ಮಲ್ಲಿ ಇನ್ನೂ ಎಷ್ಟೋ ಪಾಲು ಹೆಚ್ಚಾಗಿರಬೇಕಿತ್ತಲ್ಲವೇ? 2018ರಲ್ಲಿ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರನ್ನು ಪರೀಕ್ಷಿಸಿದ ತಂಡವೊಂದು, ಲೋಪವನ್ನು ಹೊತ್ತವರಲ್ಲಿ ಒಂದು ಸಣ್ಣ ಪಾಲಿನವರಿಗೆ ಅದೇ ಜೀನಿನಲ್ಲಿ ಮತ್ತೊಂದು ವ್ಯತ್ಯಾಸವೂ ಇದ್ದು, ಅಂಥವರಲ್ಲಿ ಹೃದಯ ಅತಿಯಾಗಿ ಸಂಕೋಚಿಸುವುದನ್ನು ಕಂಡಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಮರುಪರಿಶೀಲನೆ ಮುಂದೆ ಹೋಗಿ, 25 ಅಕ್ಷರಗಳ ಲೋಪದೊಡನೆ ಅದೇ ಎಳೆಯಲ್ಲಿ ಕೆಲವರಲ್ಲಿ ಮಾತ್ರ ಕುಳಿತಿರುವ ಬೇರೊಂದು ವಿರಳ ದೋಷವೇ ಸ್ಥೂಲ ಹೃತ್ಸ್ನಾಯುರೋಗಕ್ಕೆ ಕಾರಣವೆಂದೂ, ಲೋಪದ ಮೇಲೆ ಹೊರಿಸಿದ್ದ ಅಪರಾಧ ಬಹುಮಟ್ಟಿಗೆ ಈ ಸಹವಾಸದಿಂದ ಬಂದುದೆಂದೂ ಪ್ರತಿಪಾದಿಸಿತು. ಕಳ್ಳನೊಡನೆ ಒಂದೇ ಬಂಡಿಯಲ್ಲಿ ಕುಳಿತವನನ್ನು ಕಳ್ಳನೆಂದಂತೆ ಆಗಿತ್ತು. ಮೊದಲ ಪ್ರಬಂಧ ವ್ಯರ್ಥವೆಂದು ಇದರ ಅರ್ಥವಲ್ಲ. ಅದು ತೋರಿದ ಬೀದಿಯಲ್ಲಿಯೇ ನಡೆದು ಮುಂದಿನವರು ಮನೆಯನ್ನು ಗುರುತಿಸಿದರು. ಆದರೆ ಈ ನಡುವಿನ ವರ್ಷಗಳಲ್ಲಿ ಲೋಪದ ವರದಿಯನ್ನು ಕೈಯಲ್ಲಿ ಹಿಡಿದ ವ್ಯಕ್ತಿಗೆ ನೀನು ರೋಗದ ಬೀಜವನ್ನು ಹೊತ್ತವನೆಂದು ಹೇಳುವುದು ನ್ಯಾಯವಾಗುತ್ತಿತ್ತೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಇಂಥ ಅನ್ಯಾಯ ಬೇರೆಡೆಯಲ್ಲಿ ನಡೆದುದಕ್ಕೆ ದಾಖಲೆಯೂ ಇದೆ. ಸ್ಥೂಲ ಹೃತ್ಸ್ನಾಯುರೋಗಕ್ಕೆ ಕಾರಣವೆಂದು ವರದಿ ಮಾಡಿದ್ದ ಕೆಲವು ವ್ಯತ್ಯಾಸಗಳು ವಸ್ತುತಃ ನಿರಪಾಯಕರವೆಂದೂ, ಕಪ್ಪು ಅಮೆರಿಕನ್ನರಲ್ಲಿ ಅವು ಸಹಜವಾಗಿಯೇ ಹೆಚ್ಚಾಗಿವೆಯೆಂದೂ ಮನ್ರಾಯ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಹೋಲಿಕೆಗೆಂದು ಆರಿಸಿದ ಆರೋಗ್ಯವಂತರ ಗುಂಪಿನಲ್ಲಿ ಅಲ್ಪಸಂಖ್ಯೆಯ ಕಪ್ಪು ಜನರನ್ನು ಸೇರಿಸಿಕೊಂಡಿದ್ದರೂ ಈ ಪ್ರಮಾದ ತಪ್ಪುತ್ತಿತ್ತೆಂಬುದು ಅವರ ನಿರ್ಣಯ. ವ್ಯಕ್ತಿಯನ್ನು ಓದಬೇಕಾದರೆ ಅವನ ಜನವನ್ನು ಮೊದಲು ಓದಿರಬೇಕು. ನಿಘಂಟಿನಲ್ಲಿ ಇಲ್ಲದ ಶಬ್ದವನ್ನೆಲ್ಲ ಅಪಶಬ್ದವೆನ್ನುವ ಪಂಡಿತನಂತೆ, ಒಂದೇ ಖಂಡದ ಜನರಿಂದ ಸಂಗ್ರಹಿಸಿದ ಕೋಶವನ್ನು ಮುಂದಿಟ್ಟುಕೊಂಡು ಉಳಿದವರ ದೇಹವನ್ನು ತಿದ್ದಲು ಹೊರಡುವುದು ಸಾಧುವಲ್ಲ.

6

ಈ ವಿಚಾರ ಪ್ರಯೋಗಶಾಲೆಯಲ್ಲಿ ಮುಗಿಯುವುದಿಲ್ಲ. ಈ ರೋಗ ಸಾಮಾನ್ಯವಾಗಿ ಪ್ರಬಲ ಲಕ್ಷಣವಾಗಿ ಇಳಿದುಬರುತ್ತದೆ. ತಂದೆ ಅಥವಾ ತಾಯಿಗೆ ದೋಷವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಸೋದರಮಾವನೊಡನೆಯೂ ಅತ್ತೆಯ ಮಗನೊಡನೆಯೂ ಮದುವೆಯಾಗುವ ಸಂಪ್ರದಾಯವಿರುವ ನಮ್ಮ ಸೀಮೆಯಲ್ಲಿ ದಂಪತಿಗಳಿಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚು; ಅಂಥ ಮನೆಯಲ್ಲಿ ನಾಲ್ಕು ಮಕ್ಕಳಲ್ಲಿ ಒಂದರಂತೆ ಎರಡು ಪಾಲು ದೋಷ ಬಂದು ರೋಗ ಬೇಗನೆಯೂ ತೀವ್ರವಾಗಿಯೂ ತೋರಬಹುದು. ದೋಷ ಖಚಿತವಾಗಿ ತಿಳಿದ ಮನೆತನದಲ್ಲಿ ಜೀನುಪರೀಕ್ಷೆಗಿಂತ ಉಪಯುಕ್ತವಾದ ಸಾಧನ ಬೇರೊಂದಿಲ್ಲ: ದೋಷವಿಲ್ಲದವರನ್ನು ಆಯುಷ್ಯಪೂರ್ತಿ ಕಾಡುವ ಭಯದಿಂದ ಅದು ಬಿಡಿಸುತ್ತದೆ, ಇರುವವರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಬರಲು ಅವಕಾಶ ಕೊಡುತ್ತದೆ. ಆದರೆ ಅದೇ ವರದಿ ವಧೂವರರ ಜಾತಕದೊಡನೆ ಕೂಡಿಸಿ ನೋಡುವ ಇನ್ನೊಂದು ಕಾಗದವಾದರೆ, ಮಗಳ ಮದುವೆ ಮುರಿಯುವ ನೆಪವಾದರೆ, ಜನರು ಪರೀಕ್ಷೆಯಿಂದಲೇ ದೂರ ಸರಿಯುತ್ತಾರೆ. ಅನಿಶ್ಚಿತವಾದ ವರದಿಯನ್ನು ನಿಶ್ಚಿತವೆಂಬಂತೆ ಹೇಳುವ ವೈದ್ಯನು ಈ ಕೆಡುಕಿನಲ್ಲಿ ಪಾಲುಗಾರನಾಗುತ್ತಾನೆ.

ಒಟ್ಟಿನಲ್ಲಿ ನಮ್ಮ ನಿರ್ಣಯ ಹೀಗಿದೆ. ವ್ಯಕ್ತಿವಿಶಿಷ್ಟ ಚಿಕಿತ್ಸೆಯೆಂಬ ಒಂದೇ ಹೆಸರಿನಡಿಯಲ್ಲಿ ನಾಲ್ಕು ಬೇರೆಬೇರೆ ಕಾರ್ಯಗಳು ಅಡಗಿವೆ. ರೋಗಕ್ಕೆ ಸರಿಯಾದ ಹೆಸರನ್ನು ಕೊಡುವುದು ಮೊದಲನೆಯದು. ಅದರಲ್ಲಿ ಜೀನುವಿಜ್ಞಾನ ಜಯಶಾಲಿಯಾಗಿದೆ. ಕುಟುಂಬದವರನ್ನು ಕಾಯುವುದು ಎರಡನೆಯದು. ಅದರಲ್ಲಿಯೂ ಅದರ ಉಪಯೋಗ ನಿಸ್ಸಂದೇಹವಾದುದು, ವರದಿಯ ಅರ್ಥವನ್ನು ಪ್ರಾಮಾಣಿಕವಾಗಿ ತಿಳಿಸಿದರೆ. ಔಷಧವನ್ನೂ ಪ್ರಮಾಣವನ್ನೂ ಹೊಂದಿಸುವುದು ಮೂರನೆಯದು. ಅಲ್ಲಿ ಪ್ರಗತಿ ಆರಂಭವಾಗಿದೆ, ಆದರೆ ನಿರೀಕ್ಷಿಸಿದ ದಾರಿಯಿಂದಲ್ಲ. ಇಂಥವನು ಇಷ್ಟು ಕಾಲ ಬದುಕುವನೆಂದು ಜೀನಿನ ಅಕ್ಷರದಿಂದ ಭವಿಷ್ಯ ನುಡಿಯುವುದು ನಾಲ್ಕನೆಯದು; ಅದು ಈವರೆಗೆ ಸಾಧ್ಯವಾಗಿಲ್ಲ, ಸಾಧ್ಯವಾಯಿತೆಂದು ಅವಸರದಿಂದ ಸಾರಿದವರು ಪಶ್ಚಾತ್ತಾಪಪಟ್ಟಿದ್ದಾರೆ. ಈ ನಾಲ್ಕನ್ನು ಬೆರೆಸಿ ಹೊಗಳುವುದೂ ಬೆರೆಸಿ ತೆಗಳುವುದೂ ಸಮಾನವಾಗಿ ತಪ್ಪು.

ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಒದಗುವ ಕರ್ತವ್ಯವೂ ಸ್ಪಷ್ಟವಾಗಿದೆ. ಮನೆಯಲ್ಲಿ ಮೂರು ತಲೆಮಾರುಗಳ ಹಿಂದಿನವರೆಗೆ ಯಾರು ಎಳೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು, ಯಾರು ಓಡುವಾಗ ಮೂರ್ಛೆಹೋದರು ಎಂಬುದನ್ನು ಅಜ್ಜಿಯಿಂದ ಕೇಳಿ ಬರೆದಿಡುವುದಕ್ಕೆ ಖರ್ಚಿಲ್ಲ. ಅಂಥ ಸಾವೊಂದು ಕಂಡರೆ ಉಳಿದವರಿಗೆ ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಗಳನ್ನು ಮಾಡಿಸುವುದು ಮುಂದಿನ ಹೆಜ್ಜೆ. ಜೀನುಪರೀಕ್ಷೆ ಅದರ ಅನಂತರದ್ದು. ಸಂಶೋಧನೆಯನ್ನು ವೃತ್ತಿಯಾಗಿ ಹಿಡಿಯುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಕೆಲಸ ಕಾದಿದೆ. ನಮ್ಮ ಜನರ ಆರೋಗ್ಯವಂತ ದೇಹಗಳಲ್ಲಿ ಸಹಜವಾಗಿರುವ ವ್ಯತ್ಯಾಸಗಳ ವಿಸ್ತಾರವಾದ ದಾಖಲೆ ಸಿದ್ಧವಾಗುವವರೆಗೆ, ಇಲ್ಲಿಯ ಒಬ್ಬ ರೋಗಿಯ ಜೀನನ್ನು ಓದಿ ಹೇಳುವ ಮಾತಿನಲ್ಲಿ ಊಹೆಯ ಪಾಲು ಹೆಚ್ಚಾಗಿಯೇ ಇರುತ್ತದೆ. ಕೋಟಿಕುಕ್ಕಿನ ಆ ಮನೆತನದವರು ತಮ್ಮ ದುಃಖವನ್ನು ಮುಚ್ಚಿಡದೆ ಸಂಶೋಧಕರ ಮುಂದೆ ತೆರೆದಿಟ್ಟುದರಿಂದ ಲೋಕಕ್ಕೆ ಉಪಕಾರವಾಯಿತು. ಅಂಥ ನಂಬಿಕೆಗೆ ನಾವು ಪಾತ್ರರಾಗುವಂತೆ ನಡೆದುಕೊಂಡರೆ, ನಮ್ಮ ಮನೆತನಗಳೂ ತಮ್ಮ ವೃತ್ತಾಂತವನ್ನು ಹೇಳಲು ಹಿಂಜರಿಯಲಾರವು.